ನಾಲ್ಕಂಗುಲದ ಕೊರತೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯಿಸಿಕೊಳ್ಳುವ ಆಟದಲ್ಲಿ ಕಾಲಿನಿಂದ ಒದೆಯುವುದು ಕಡಿಮೆ, ಕೈಯ ಕೆಲಸವೇ ಹೆಚ್ಚು. ಚೆಂಡೂ ಗುಂಡಗಿರುವುದಿಲ್ಲ, ಎರಡೂ ತುದಿಗಳು ಚೂಪಾಗಿ, ದೊಡ್ಡದೊಂದು ಬಾದಾಮಿಯಂತಿರುತ್ತದೆ. ಅದನ್ನು ಎದೆಗವಚಿಕೊಂಡು ಓಡಬಹುದು; ಮುಂದೆ ಓಡುತ್ತಿರುವ ಸಂಗಾತಿಗೆ ಎಸೆಯಬಹುದು. ನೂರು ಗಜದ ಬಯಲನ್ನು ದಾಟಿ ಎದುರಾಳಿಯ ಕೊನೆಯ ಗೆರೆಯನ್ನು ಮುಟ್ಟಿದರೆ ಆರು ಅಂಕ. ಚೆಂಡು ಹಿಡಿದವನನ್ನು ಕೆಡವುವುದು ಇಲ್ಲಿ ತಪ್ಪಲ್ಲ, ಅದೇ ಕರ್ತವ್ಯ. ಈ ಆಟದ ದೊಡ್ಡ ಜಾತ್ರೆಗಳು ನೆರೆಯುವುದು ಕಾಲೇಜುಗಳ ಬಯಲಿನಲ್ಲಿ. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಆಸನಗಳಿವೆ. ಅವೆಲ್ಲವೂ ಶರತ್ಕಾಲದ ಶನಿವಾರಗಳಂದು ತುಂಬುತ್ತವೆ, ಅದೂ ವಿದ್ಯಾರ್ಥಿಗಳ ಆಟವನ್ನು ನೋಡಲು!

ಹನ್ನೊಂದು ಮಂದಿಯ ತಂಡದಲ್ಲಿ ಎಲ್ಲರ ಕಣ್ಣೂ ಒಬ್ಬನ ಮೇಲೆಯೇ ಇರುತ್ತದೆ. ಅವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಚೆಂಡು ಮೊದಲು ಬಂದು ಸೇರುವುದು ಅವನ ಕೈಗೆ. ಅದನ್ನು ಓಟಗಾರನಿಗೆ ಒಪ್ಪಿಸಬೇಕೇ, ದೂರಕ್ಕೆ ಎಸೆಯಬೇಕೇ, ತಾನೇ ಹೊತ್ತು ಓಡಬೇಕೇ ಎಂಬುದನ್ನು ಎರಡೂವರೆ ಮೂರು ಸೆಕೆಂಡುಗಳೊಳಗೆ ಅವನು ನಿಶ್ಚಯಿಸಬೇಕು. ಗೆದ್ದರೆ ಕೀರ್ತಿ ಅವನದು. ಸೋತರೆ ನಿಂದೆಯೂ ಅವನದೇ. ಇಂತಹ ಸ್ಥಾನಕ್ಕೆ ಹುಡುಗರನ್ನು ಆರಿಸುವಾಗ ಕಾಲೇಜುಗಳ ತರಬೇತುದಾರರು ಬಹುಕಾಲದಿಂದ ಮೊದಲು ಕೈಗೆತ್ತಿಕೊಳ್ಳುತ್ತ ಬಂದದ್ದು ಅಳತೆಯ ಪಟ್ಟಿಯನ್ನು. 6 ಅಡಿ 2 ಅಂಗುಲವಿದ್ದರೆ ಮೆಚ್ಚುಗೆ. 6 ಅಡಿ 4 ಅಂಗುಲವಿದ್ದರೆ ಹರ್ಷ. 5 ಅಡಿ 10 ಅಂಗುಲದ ಹುಡುಗನನ್ನು ಕಂಡರೆ ಬೆಂಗಳೂರು ಮೈಸೂರುಗಳ ಕನ್ಯಾಪಿತೃಗಳು ಒಳ್ಳೆಯ ಎತ್ತರವೆಂದು ತಲೆದೂಗಿಯಾರು. ಅಮೆರಿಕದ ತರಬೇತುದಾರನ ಕಣ್ಣಿಗೆ ಮಾತ್ರ ಅವನು ಕುಳ್ಳ.

ಈ ನಾಲ್ಕಂಗುಲದ ಕೊರತೆ ಹದಿನೇಳು ವರ್ಷದ ಹುಡುಗನೊಬ್ಬನ ಬಾಳಿನಲ್ಲಿ ಸಣ್ಣ ಸಂಗತಿಯಲ್ಲ. ಕಾಲೇಜು ಅವನನ್ನು ಆಟಕ್ಕಾಗಿ ಬಯಸಿದರೆ ವಿದ್ಯಾಭ್ಯಾಸದ ವೆಚ್ಚ, ಊಟ, ವಸತಿ ಎಲ್ಲವನ್ನೂ ತಾನೇ ವಹಿಸಿಕೊಳ್ಳುತ್ತದೆ. ಬಯಸದಿದ್ದರೆ ತಂದೆ ತಾಯಿ ಸಾಲ ಮಾಡಬೇಕು, ಇಲ್ಲವೇ ಹುಡುಗ ಸಣ್ಣ ಕಾಲೇಜೊಂದನ್ನು ಹುಡುಕಿಕೊಂಡು ಹೋಗಬೇಕು. 2021ರಿಂದೀಚೆಗೆ ಆಟಗಾರ ವಿದ್ಯಾರ್ಥಿಗಳು ತಮ್ಮ ಹೆಸರು ಭಾವಚಿತ್ರಗಳಿಂದ ಹಣ ಗಳಿಸಲು ಅವಕಾಶವಾಗಿದೆ. 2025ರಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಆದ್ದರಿಂದ ಅಳತೆಯ ಪಟ್ಟಿ ನುಡಿಯುವ ತೀರ್ಪಿನ ಬೆಲೆ ಈಗ ಹಿಂದಿಗಿಂತಲೂ ಹೆಚ್ಚು.

ಎತ್ತರವೇಕೆ ಬೇಕು? ತರಬೇತುದಾರರ ವಾದ ನಿರಾಧಾರವಾದುದಲ್ಲ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಅವನ ರಕ್ಷಣೆಗೆಂದು ಐವರು ಕಾವಲುಗಾರರು ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬನೂ 6 ಅಡಿ 4 ಅಂಗುಲ, 6 ಅಡಿ 5 ಅಂಗುಲ. ತೂಕ 300 ಪೌಂಡು, ಎಂದರೆ 136 ಕಿಲೋಗ್ರಾಂ. ಅವರಾಚೆಗೆ ಅಷ್ಟೇ ಗಾತ್ರದ ಎದುರಾಳಿಗಳು, ಚೆಂಡನ್ನು ತಡೆಯಲೆಂದು ಕೈಗಳನ್ನು ಮೇಲೆತ್ತಿ ನುಗ್ಗಿ ಬರುತ್ತಾರೆ. ಈ ಗೋಡೆಯ ಆಚೆ ಯಾರು ಎಲ್ಲಿ ಓಡುತ್ತಿದ್ದಾನೆಂಬುದು ಕುಳ್ಳನಿಗೆ ಹೇಗೆ ಕಾಣಬೇಕು? ಅವನು ಎಸೆದ ಚೆಂಡು ಆ ಕೈಗಳಿಗೆ ತಾಕದೆ ಹೇಗೆ ದಾಟಬೇಕು?

ಪ್ರಶ್ನೆ ನ್ಯಾಯವಾದುದೇ. ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿದರೆ ಬೇರೊಂದು ಸಂಗತಿ ತೋರುತ್ತದೆ. 6 ಅಡಿ 3 ಅಂಗುಲದವನ ಕಣ್ಣುಗಳಿರುವುದು ನೆಲದಿಂದ ಸುಮಾರು 5 ಅಡಿ 10 ಅಂಗುಲದ ಮೇಲೆ. ಆರೂವರೆ ಅಡಿಯ ಗೋಡೆಯ ಮೇಲಿಂದ ಇಣುಕಿ ನೋಡುವುದು ಅವನಿಗೂ ಅಸಾಧ್ಯ. ಎತ್ತರದವನಾಗಲಿ ಗಿಡ್ಡನಾಗಲಿ ನೋಡುವುದು ಕಾವಲುಗಾರರ ನಡುವಿನ ಸಂದುಗಳಲ್ಲಿ. ಚೆಂಡು ಹಾಯುವುದೂ ಬಹುಮಟ್ಟಿಗೆ ಆ ಸಂದುಗಳಲ್ಲಿಯೇ. ಎತ್ತರದವನಿಗೆ ಕಿಟಕಿ ಸ್ವಲ್ಪ ಅಗಲವಾಗಿರಬಹುದು, ಅಷ್ಟೆ. ಗಿಡ್ಡನು ಎರಡು ಹೆಜ್ಜೆ ಬಲಕ್ಕೋ ಎಡಕ್ಕೋ ಸರಿದು ತನ್ನ ಕಿಟಕಿಯನ್ನು ತಾನೇ ಹುಡುಕಿಕೊಳ್ಳಬೇಕು. ಅವನ ಕಾಲು ಚುರುಕಾಗಿರಬೇಕು. ಎದುರಾಳಿಗಳ ಚಲನೆಯನ್ನು ಕಣ್ಣಿಗೆ ಬೀಳುವ ಮೊದಲೇ ಊಹಿಸಬಲ್ಲ ಬುದ್ಧಿ ಇರಬೇಕು. ಇವೆರಡನ್ನೂ ಅಳೆಯುವ ಪಟ್ಟಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಈ ವಿವಾದ ಹೊಸದೂ ಅಲ್ಲ. ಟೆಕ್ಸಸ್ ಸಂಸ್ಥಾನದ ಫೋರ್ಟ್‌ವರ್ತ್ ನಗರದ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾನಿಲಯದಲ್ಲಿ 1930ರ ದಶಕದಲ್ಲಿ ಸ್ಯಾಮಿ ಬಾ ಎಂಬ 6 ಅಡಿ 2 ಅಂಗುಲದ ಪ್ರಸಿದ್ಧ ಎಸೆತಗಾರನಿದ್ದ. ಅವನು ವ್ಯಾಸಂಗ ಮುಗಿಸಿ ಹೊರಟ ಮೇಲೆ ಆ ಸ್ಥಾನಕ್ಕೆ ಬಂದವನು ಡೇವಿ ಓಬ್ರಿಯನ್. ಎತ್ತರ 5 ಅಡಿ 7 ಅಂಗುಲ, ತೂಕ 150 ಪೌಂಡು. 1938ರಲ್ಲಿ ಈ ಹುಡುಗನ ತಂಡ ಆಡಿದ 11 ಪಂದ್ಯಗಳನ್ನೂ ಗೆದ್ದು ರಾಷ್ಟ್ರದ ಪ್ರಥಮ ತಂಡವೆನಿಸಿತು. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕವೂ ಅವನಿಗೇ ದೊರೆಯಿತು. ಅವನ ತರಬೇತುದಾರರಾದ ಡಚ್ ಮೇಯರ್ ಆಟಗಾರರನ್ನು ಒತ್ತಾಗಿ ನಿಲ್ಲಿಸದೆ ಬಯಲಿನ ಅಗಲಕ್ಕೆ ಹರಡಿ ನಿಲ್ಲಿಸುತ್ತಿದ್ದರು. 1952ರಲ್ಲಿ ಆ ವಿಧಾನವನ್ನು ಕುರಿತು ಪುಸ್ತಕವನ್ನೇ ಬರೆದರು. ಓಬ್ರಿಯನ್ ಎರಡು ವರ್ಷ ಫಿಲಡೆಲ್ಫಿಯದ ವೃತ್ತಿಪರ ತಂಡದಲ್ಲಿ ಆಡಿ, ಆಟವನ್ನು ಬಿಟ್ಟು, ರಾಷ್ಟ್ರದ ಗುಪ್ತ ತನಿಖಾ ಇಲಾಖೆಯಾದ ಎಫ್.ಬಿ.ಐ. ಸೇರಿದ. ವಿನೋದವೇನೆಂದರೆ, ಇಂದು ಅಮೆರಿಕದಲ್ಲಿ ಪ್ರತಿ ವರ್ಷವೂ ಅತ್ಯುತ್ತಮ ಕಾಲೇಜು ಕ್ವಾರ್ಟರ್‌ಬ್ಯಾಕ್‌ಗೆ ಕೊಡುವ ಪ್ರಶಸ್ತಿ ಈತನ ಹೆಸರಿನಲ್ಲಿಯೇ ಇದೆ. ಆರಡಿ ನಾಲ್ಕಂಗುಲದ ಎಷ್ಟೋ ಮಂದಿ ಈ ಐದಡಿ ಏಳಂಗುಲದವನ ಹೆಸರನ್ನು ಹೊತ್ತ ಪ್ರಶಸ್ತಿಗಾಗಿ ಹಾತೊರೆಯುತ್ತಾರೆ.

ಆದರೂ ಓಬ್ರಿಯನ್‌ನನ್ನು ಜನ ಹಳೆಯ ಕಾಲದ ವಿಚಿತ್ರವೆಂದು ಬದಿಗೆ ಸರಿಸಿಬಿಟ್ಟರು. ಕಾವಲುಗಾರರು ವರ್ಷದಿಂದ ವರ್ಷಕ್ಕೆ ದೈತ್ಯರಾಗುತ್ತ ಹೋದರು. ಹೀಗಿರುವಾಗ 1981ರಲ್ಲಿ ಮ್ಯಾಸಚೂಸೆಟ್ಸ್‌ನ ನೇಟಿಕ್ ಎಂಬ ಊರಿನಿಂದ ಡಗ್ ಫ್ಲೂಟಿ ಎಂಬ ಹುಡುಗ ಬಾಸ್ಟನ್ ಕಾಲೇಜಿಗೆ ಬಂದ. ಅವನನ್ನು 5 ಅಡಿ 10 ಅಂಗುಲವೆಂದು ಬರೆಯುತ್ತಿದ್ದರು. ಸರಿಯಾಗಿ ಅಳೆದರೆ ಅದಕ್ಕೂ ಕಾಲಂಗುಲ ಕಡಿಮೆ. ದೊಡ್ಡ ಕಾಲೇಜುಗಳಾವುವೂ ಅವನನ್ನು ಬಯಸಿರಲಿಲ್ಲ. ಬಾಸ್ಟನ್ ಕಾಲೇಜು ಕೂಡ ತಾನು ಬಯಸಿದ ಹುಡುಗರು ಬೇರೆಡೆಗೆ ಹೋದ ಮೇಲೆ ಉಳಿದ ಕೊನೆಯ ವಿದ್ಯಾರ್ಥಿವೇತನವನ್ನು ಅವನಿಗೆ ಕೊಟ್ಟಿತ್ತು. ಕ್ವಾರ್ಟರ್‌ಬ್ಯಾಕ್‌ಗಳ ಸಾಲಿನಲ್ಲಿ ಅವನದು ತೀರ ಕೆಳಗಿನ ಸ್ಥಾನ. ಆ ವರ್ಷ ಪೆನ್ ಸ್ಟೇಟ್ ತಂಡದ ಕೈಯಲ್ಲಿ ಬಾಸ್ಟನ್ ಕಾಲೇಜು ಹೀನಾಯವಾಗಿ ಸೋಲುತ್ತಿದ್ದಾಗ, ಇನ್ನು ಕಳೆದುಕೊಳ್ಳುವುದೇನೂ ಇಲ್ಲವೆಂದು ತರಬೇತುದಾರ ಜಾಕ್ ಬಿಕ್ನೆಲ್ ಅವನನ್ನು ಬಯಲಿಗಿಳಿಸಿದರು. ಹುಡುಗ ತಂಡಕ್ಕೆ ಒಂದು ಟಚ್‌ಡೌನ್ ದೊರಕಿಸಿಕೊಟ್ಟ. ಪಂದ್ಯ ಸೋತಿತು, ಕ್ವಾರ್ಟರ್‌ಬ್ಯಾಕ್ ಸಿಕ್ಕಿದ.

ಮೂರು ವರ್ಷಗಳ ತರುವಾಯ, 1984ರ ನವೆಂಬರ್ 23ರಂದು, ಮಯಾಮಿ ನಗರದಲ್ಲಿ ನಡೆದ ಪಂದ್ಯವನ್ನು ಅಮೆರಿಕನ್ನರು ಇಂದಿಗೂ ಕತೆಯಂತೆ ಹೇಳುತ್ತಾರೆ. ಎದುರಾಳಿ ಹಿಂದಿನ ವರ್ಷ ರಾಷ್ಟ್ರವಿಜೇತವಾಗಿದ್ದ ಮಯಾಮಿ ವಿಶ್ವವಿದ್ಯಾನಿಲಯ. ಅದರ ಕ್ವಾರ್ಟರ್‌ಬ್ಯಾಕ್ ಬರ್ನಿ ಕೋಸಾರ್. ಎತ್ತರ 6 ಅಡಿ 5 ಅಂಗುಲ. ಎತ್ತರ ಗಿಡ್ಡಗಳ ವಾದವನ್ನು ತೀರ್ಮಾನಿಸಲೆಂದೇ ಯಾರೋ ಏರ್ಪಡಿಸಿದಂತಿತ್ತು! ಮಳೆ ಗಾಳಿಗಳ ನಡುವೆ ಕೋಸಾರ್ 447 ಗಜ ಎಸೆದ, ಫ್ಲೂಟಿ 472 ಗಜ. ಒಮ್ಮೆ ಇವರು ಮುಂದೆ, ಒಮ್ಮೆ ಅವರು ಮುಂದೆ. ಆಟ ಮುಗಿಯಲು 28 ಸೆಕೆಂಡುಗಳಿವೆ ಎನ್ನುವಾಗ ಮಯಾಮಿ ಟಚ್‌ಡೌನ್ ಗಳಿಸಿ 45-41ರಿಂದ ಮುಂದಾಯಿತು. ಪ್ರೇಕ್ಷಕರಲ್ಲಿ ಕೆಲವರು ಎದ್ದು ಹೊರಟರು.

ಬಾಸ್ಟನ್ ಕಾಲೇಜಿಗೆ ಚೆಂಡು ಸಿಕ್ಕಿದ್ದು ತನ್ನ ತುದಿಯಿಂದ 20 ಗಜದ ಗೆರೆಯ ಮೇಲೆ. ಫ್ಲೂಟಿ ಎರಡು ಎಸೆತಗಳಲ್ಲಿ ಅದನ್ನು ಮಯಾಮಿಯ 48 ಗಜದ ಗೆರೆಗೆ ತಂದ. ಉಳಿದದ್ದು ಆರು ಸೆಕೆಂಡು. ಚೆಂಡು ಕೈಗೆ ಬಂದೊಡನೆ ಎದುರಾಳಿಗಳು ಮೇಲೆ ಬಿದ್ದರು. ಅವನು ತಪ್ಪಿಸಿಕೊಂಡು ಹಿಂದಕ್ಕೆ, ಬಲಕ್ಕೆ ಓಡಿದ. ಗೆಲ್ಲಬೇಕಾದ ಗೆರೆ ಇನ್ನಷ್ಟು ದೂರವಾಯಿತು. ಅಲ್ಲಿ ನಿಂತು, ಎದುರು ಬೀಸುತ್ತಿದ್ದ ಗಾಳಿಗೆ ಮುಖವೊಡ್ಡಿ, 60 ಗಜಕ್ಕೂ ದೂರಕ್ಕೆ ಚೆಂಡನ್ನು ಎಸೆದ. ಮಯಾಮಿಯ ರಕ್ಷಕರು ಗೆರೆಗಿಂತ ಈಚೆಗೇ ಗುಂಪುಗೂಡಿ ನಿಂತಿದ್ದರು. ಅಷ್ಟು ಚಿಕ್ಕ ಆಳು ಅಷ್ಟು ದೂರ ಎಸೆದಾನೆಂದು ಅವರಿಗೆ ತೋರಿರಲೇ ಇಲ್ಲ. ಚೆಂಡು ಅವರ ತಲೆಗಳ ಮೇಲಿಂದ ಹಾರಿ ಹಿಂದೆ ನಿಂತಿದ್ದ ಜೆರಾರ್ಡ್ ಫೆಲನ್‌ನ ತೋಳಿನೊಳಕ್ಕೆ ಇಳಿಯಿತು. ಫೆಲನ್ ಅವನ ಕೊಠಡಿಯಲ್ಲಿಯೇ ವಾಸಿಸುತ್ತಿದ್ದ ಗೆಳೆಯ. 47-45, ಬಾಸ್ಟನ್ ಕಾಲೇಜು ಗೆದ್ದಿತು. ಫ್ಲೂಟಿಯ ಎತ್ತರ ಅಂದು ಎದುರಾಳಿಗಳ ಲೆಕ್ಕವನ್ನು ಕೆಡಿಸಿ ಅವನಿಗೇ ಉಪಕಾರ ಮಾಡಿತೆನ್ನಬೇಕು.

ಆ ವರ್ಷದ ಹೈಸ್‌ಮನ್ ಪಾರಿತೋಷಕ ಅವನದಾಯಿತು. ದೊಡ್ಡ ಕಾಲೇಜುಗಳ ಆಟದಲ್ಲಿ ಒಟ್ಟು 10,000 ಗಜಗಳನ್ನು ಎಸೆದು ದಾಟಿದವರಲ್ಲಿ ಅವನೇ ಮೊದಲಿಗ. ಇಷ್ಟಾದ ಮೇಲೂ ವೃತ್ತಿಪರ ತಂಡಗಳು ಅಳತೆಯ ಪಟ್ಟಿಯನ್ನು ಕೆಳಗಿಡಲಿಲ್ಲ. 1985ರಲ್ಲಿ ಹೊಸ ಆಟಗಾರರನ್ನು ಆರಿಸುವಾಗ ಅವನ ಹೆಸರು ಬಂದದ್ದು 285ನೆಯದಾಗಿ. ಅವನು ಅದಕ್ಕೆ ಮೊದಲೇ ಪ್ರತಿಸ್ಪರ್ಧಿ ಸಂಘದ ನ್ಯೂಜೆರ್ಸಿ ತಂಡಕ್ಕೆ ಸೇರಿದ್ದ. ಆ ತಂಡದ ಒಡೆಯರು ಮುಂದೆ ರಾಷ್ಟ್ರಾಧ್ಯಕ್ಷರಾದ ಡೊನಾಲ್ಡ್ ಟ್ರಂಪ್. ಕೊನೆಗೆ ಅವನ ಪ್ರತಿಭೆಗೆ ತಕ್ಕ ಮರ್ಯಾದೆ ದೊರೆತದ್ದು ಕೆನಡದಲ್ಲಿ. ಬಯಲು ಇನ್ನೂ ವಿಶಾಲವಾಗಿರುವ ಅಲ್ಲಿನ ಆಟದಲ್ಲಿ ಆರು ಸಾರಿ ವರ್ಷದ ಶ್ರೇಷ್ಠ ಆಟಗಾರನೆನಿಸಿದ. ಕಾಲೇಜಿನ ಆಟ ಬೇರೆ, ವೃತ್ತಿಪರ ಆಟ ಬೇರೆ. ಒಂದರಲ್ಲಿ ಸೋತವನೆಂದು ಇನ್ನೊಂದರ ಪದವಿಯನ್ನು ಕಿತ್ತುಕೊಳ್ಳುವಂತಿಲ್ಲ. 2008ರಲ್ಲಿ ಬಾಸ್ಟನ್ ಕಾಲೇಜು ಆ ಎಸೆತದ ಭಂಗಿಯಲ್ಲಿಯೇ ಅವನ ಪ್ರತಿಮೆಯನ್ನು ತನ್ನ ಕ್ರೀಡಾಂಗಣದ ಬಳಿ ನಿಲ್ಲಿಸಿತು.

ಫ್ಲೂಟಿಯ ಬಳಿಕ ಗಿಡ್ಡ ಹುಡುಗರಿಗೆ ನೆರವಾದದ್ದು ಅವನ ಕೀರ್ತಿಗಿಂತ ಹೆಚ್ಚಾಗಿ ಆಟದ ಕ್ರಮದಲ್ಲಾದ ಬದಲಾವಣೆ. ಹಿಂದೆ ಕ್ವಾರ್ಟರ್‌ಬ್ಯಾಕ್ ಕಾವಲುಗಾರನ ಬೆನ್ನಿಗೆ ಅಂಟಿಕೊಂಡಂತೆ ನಿಂತು ಚೆಂಡನ್ನು ಪಡೆಯುತ್ತಿದ್ದ. ಈಗ ಕಾಲೇಜುಗಳಲ್ಲಿ ಬಹುತೇಕ ಐದು ಗಜ ಹಿಂದೆ ನಿಂತೇ ಪಡೆಯುತ್ತಾನೆ. ಗೋಡೆಯಿಂದ ದೂರ ಸರಿದಷ್ಟೂ ಗೋಡೆ ತಗ್ಗಾಗಿ ಕಾಣುವುದು ಸಹಜ. ಆಟಗಾರರನ್ನು ಅಗಲಕ್ಕೆ ಹರಡುವ ಮೇಯರ್ ಅವರ ಹಳೆಯ ಉಪಾಯವೂ ಹೊಸ ರೂಪದಲ್ಲಿ ಮರಳಿ ಬಂತು. ಟೆಕ್ಸಸ್ ಟೆಕ್ ವಿಶ್ವವಿದ್ಯಾನಿಲಯದಲ್ಲಿ ಮೈಕ್ ಲೀಚ್ ಎಂಬ ತರಬೇತುದಾರರು ಕಾವಲುಗಾರರ ನಡುವಣ ಸಂದನ್ನೇ ಹಿಗ್ಗಿಸಿದರು. ಇಂಡಿಯಾನದ ಪರ್ಡೂ ವಿಶ್ವವಿದ್ಯಾನಿಲಯದಲ್ಲಿ ಜೋ ಟಿಲ್ಲರ್ ಅವರ ಕೈಗೆ ಸಿಕ್ಕಿದವನು ಡ್ರೂ ಬ್ರೀಸ್. ಟೆಕ್ಸಸ್‌ನ ಹೈಸ್ಕೂಲಿನಲ್ಲಿ ಒಂದೂ ಪಂದ್ಯ ಸೋಲದೆ ಸಂಸ್ಥಾನದ ವಿಜೇತ ತಂಡವನ್ನು ನಡೆಸಿದವನಾದರೂ 6 ಅಡಿಗೆ ನಿಂತುಹೋದನೆಂಬ ಕಾರಣಕ್ಕೆ ಸ್ವಂತ ಸಂಸ್ಥಾನದ ದೊಡ್ಡ ಕಾಲೇಜುಗಳು ಅವನನ್ನು ಕರೆಯಲಿಲ್ಲ. ಆತನೇ ಪರ್ಡೂ ತಂಡವನ್ನು 2001ರ ಜನವರಿ 1ರ ರೋಸ್ ಬೌಲ್ ಪಂದ್ಯಕ್ಕೆ ಕೊಂಡೊಯ್ದ. ಆ ತಂಡ ಅಲ್ಲಿಗೆ ಹಿಂದೆ ಹೋಗಿದ್ದುದು 1967ರಲ್ಲಿ. ಅಂದಿನ ಪಂದ್ಯವನ್ನು ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಗೆದ್ದಿತೆಂಬುದು ನಿಜ. ಆದರೆ ಮೂವತ್ತನಾಲ್ಕು ವರ್ಷ ಕಾದ ಊರಿಗೆ ಅಲ್ಲಿಯವರೆಗಿನ ಪ್ರಯಾಣವೇ ಹಬ್ಬವಾಗಿತ್ತು.

ಕೈಲರ್ ಮರ್ರಿಯ ಕಥೆ ಇನ್ನೂ ಸ್ವಾರಸ್ಯವಾದುದು. ತಂದೆಯೂ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಮಗ ಹೈಸ್ಕೂಲಿನಲ್ಲಿ ಆರಂಭದಿಂದ ಆಡಿದ 42 ಪಂದ್ಯಗಳಲ್ಲಿ 42ನ್ನೂ ಗೆದ್ದ. ತಂದೆಯ ಕಾಲೇಜಿಗೇ ಸೇರಿ, ಅಲ್ಲಿ ನೆಲೆ ಸಿಗದೆ, ಓಕ್ಲಹೋಮಕ್ಕೆ ಹೋಗಿ ಸರದಿಗಾಗಿ ಕಾದ. 2018ರ ಜೂನ್‌ನಲ್ಲಿ ಓಕ್ಲಂಡಿನ ಬೇಸ್‌ಬಾಲ್ ತಂಡ ಅವನನ್ನು ಆರಿಸಿ 40 ಲಕ್ಷ ಡಾಲರುಗಳಿಗೂ ಮೀರಿದ ಹಣಕ್ಕೆ ಒಪ್ಪಂದ ಮಾಡಿಕೊಂಡಿತು. ಒಂದೇ ಒಂದು ವರ್ಷ ಫುಟ್‌ಬಾಲ್ ಆಡಿ ಬರಲು ಅನುಮತಿಯನ್ನೂ ಕೊಟ್ಟಿತು. ಆ ಒಂದು ವರ್ಷದಲ್ಲಿ ಅವನು 4,361 ಗಜ ಎಸೆದ, 1,001 ಗಜ ಓಡಿದ, ಹೈಸ್‌ಮನ್ ಗೆದ್ದ. ಬೇಸ್‌ಬಾಲ್ ತಂಡದವರು ಕಾಯುತ್ತಲೇ ಉಳಿದರು. 2019ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ಮೊಟ್ಟಮೊದಲು ಕರೆದದ್ದು ಅವನ ಹೆಸರನ್ನು. ಆಗ ಅಳೆದ ಎತ್ತರ 5 ಅಡಿ 10 ಅಂಗುಲ, ಮೇಲೆ ಅಂಗುಲದ ಎಂಟನೆಯ ಒಂದು ಪಾಲು. ಫ್ಲೂಟಿಗೂ ಇವನಿಗೂ ನಡುವೆ ಅರ್ಧ ಅಂಗುಲದ ಅಂತರವೂ ಇಲ್ಲ; ಒಬ್ಬನು 285ನೆಯವನು, ಇನ್ನೊಬ್ಬನು ಮೊದಲನೆಯವನು. ಮೂವತ್ತನಾಲ್ಕು ವರ್ಷಗಳಲ್ಲಿ ಬದಲಾದದ್ದು ಹುಡುಗರ ಎತ್ತರವಲ್ಲ.

ಹಾಗೆಂದು ಗಿಡ್ಡ ಹುಡುಗನಿಗೆ ಭಯವೇ ಇಲ್ಲವೆಂದು ಹೇಳುವುದು ಸಲ್ಲದು. ಭಯವಿದೆ, ಅದು ಎತ್ತರದ್ದಕ್ಕಿಂತ ತೂಕದ್ದು. ಅಲಬಾಮದ ಬ್ರೈಸ್ ಯಂಗ್ 2021ರಲ್ಲಿ ಹೈಸ್‌ಮನ್ ಗೆದ್ದವನು. ಆ ಪ್ರಸಿದ್ಧ ವಿಶ್ವವಿದ್ಯಾನಿಲಯದ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅದನ್ನು ಗೆದ್ದವರು ಅವನಿಗಿಂತ ಹಿಂದೆ ಯಾರೂ ಇರಲಿಲ್ಲ. ಎತ್ತರ ಮರ್ರಿಯಷ್ಟೇ. ಕಾಲೇಜಿನ ಪಟ್ಟಿಯಲ್ಲಿ ಅವನ ತೂಕ 194 ಪೌಂಡು, ಎಂದರೆ 88 ಕಿಲೋ. ಇಂತಹವನ ಮೇಲೆ 130 ಕಿಲೋ ತೂಕದ ಆಳು ಓಡಿ ಬಂದು ಬೀಳುತ್ತಾನೆ, ಒಂದು ಸಾರಿಯಲ್ಲ, ಪಂದ್ಯದುದ್ದಕ್ಕೂ. 2022ರ ಅಕ್ಟೋಬರ್ 1ರಂದು ಆರ್ಕನ್ಸಾ ವಿರುದ್ಧ ಆಡುವಾಗ ಯಂಗ್‌ನ ಭುಜಕ್ಕೆ ಪೆಟ್ಟಾಯಿತು. ಮುಂದಿನ ವಾರ ಅವನು ಹೊರಗುಳಿಯಬೇಕಾಯಿತು. ಅದರ ಮುಂದಿನ ವಾರ ಟೆನೆಸೀ ವಿರುದ್ಧ ಮರಳಿ ಬಂದು 455 ಗಜ ಎಸೆದ. ತಂಡ ಕೊನೆಯ ಕ್ಷಣದಲ್ಲಿ 52-49ರಿಂದ ಸೋತಿತು. ಸೋಲಿಗೆ ಅವನ ಎತ್ತರವನ್ನು ಕಾರಣವೆಂದವರಿಲ್ಲ. ಆದರೆ ಆ ಭುಜದ ಮೇಲೆ ಒಂದು ಋತುವಿನ ಭಾರವೆಲ್ಲ ನಿಂತಿತ್ತೆಂಬುದನ್ನು ತರಬೇತುದಾರರು ಮರೆತಿರಲಾರರು. ಎತ್ತರವನ್ನು ಬೆಳೆಸಲಾಗದು, ತೂಕವನ್ನು ಸ್ವಲ್ಪಮಟ್ಟಿಗೆ ಬೆಳೆಸಬಹುದು, ಪೆಟ್ಟು ತಿನ್ನದೆ ಜಾರಿಕೊಳ್ಳುವುದನ್ನು ಕಲಿಯಬಹುದು. ಗಿಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಈ ಕಡೆಯ ವಿದ್ಯೆ ಎಸೆತದಷ್ಟೇ ಮುಖ್ಯವಾದುದು.

ಇನ್ನೊಂದು ಮಾತು. ಗೆದ್ದವರ ಹೆಸರು ಲೋಕಕ್ಕೆ ಗೊತ್ತು. ಬಯಲಿಗಿಳಿಯುವ ಅವಕಾಶವೇ ಸಿಗದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಎತ್ತರದ ಹುಡುಗನನ್ನು ಆರಿಸಿ ಅವನು ಕೆಟ್ಟರೆ ತರಬೇತುದಾರನನ್ನು ಯಾರೂ ದೂರುವುದಿಲ್ಲ. ಗಿಡ್ಡನನ್ನು ಆರಿಸಿ ಕೆಟ್ಟರೆ, ಕಣ್ಣಿದ್ದೂ ಕಾಣಲಿಲ್ಲವೇ ಎಂದು ಊರೆಲ್ಲ ಕೇಳುತ್ತದೆ. ತರಬೇತುದಾರನಿಗೂ ಸಂಸಾರವಿದೆ, ಕೆಲಸ ಉಳಿಸಿಕೊಳ್ಳುವ ಚಿಂತೆಯಿದೆ. ಆದ್ದರಿಂದಲೇ ಎಷ್ಟೋ ಹುಡುಗರಿಗೆ ‘ನೀನು ಬೇರೆ ಸ್ಥಾನದಲ್ಲಿ ಆಡು’ ಎಂಬ ಉಪದೇಶ ದೊರೆಯುತ್ತದೆ. ಕೆಲವೊಮ್ಮೆ ಅದು ಕೆಟ್ಟ ಉಪದೇಶವೂ ಅಲ್ಲ. ಓಹಾಯೋ ಸಂಸ್ಥಾನದ ಕೆಂಟ್ ಸ್ಟೇಟ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ 5 ಅಡಿ 10 ಅಂಗುಲದ ಜೂಲಿಯನ್ ಎಡಲ್‌ಮನ್, ವೃತ್ತಿಪರ ತಂಡದಲ್ಲಿ ಚೆಂಡು ಹಿಡಿಯುವವನಾಗಿ ಮಾರ್ಪಟ್ಟು, 2019ರಲ್ಲಿ ನಡೆದ ಸೂಪರ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರನೆನಿಸಿದ.

ಉಪದೇಶವನ್ನು ಕೇಳದವರೂ ಇದ್ದಾರೆ. ನ್ಯೂ ಮೆಕ್ಸಿಕೋದ ಡಿಯೇಗೋ ಪಾವಿಯ ಶಾಲೆಯಲ್ಲಿ ಕುಸ್ತಿಯನ್ನೂ ಆಡಿದವನು. ಕಾಗದದ ಮೇಲೆ ಅವನ ಎತ್ತರ 6 ಅಡಿ. ಹೈಸ್ಕೂಲು ಮುಗಿದಾಗ ದೊಡ್ಡ ಕಾಲೇಜೊಂದೂ ಅವನನ್ನು ಕರೆಯಲಿಲ್ಲ. ಎರಡು ವರ್ಷದ ವ್ಯಾಸಂಗವಿರುವ ಸೈನಿಕ ಶಾಲೆಯೊಂದನ್ನು ಸೇರಿ, ಅಂತಹ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪದಕವನ್ನು 2021ರಲ್ಲಿ ಗೆದ್ದ. ಅಲ್ಲಿಂದ ನ್ಯೂ ಮೆಕ್ಸಿಕೋ ಸ್ಟೇಟ್‌ಗೆ, ಅಲ್ಲಿಂದ ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯಕ್ಕೆ ಬಂದ. ವ್ಯಾಂಡರ್‌ಬಿಲ್ಟ್ ವಿದ್ಯೆಗೆ ಹೆಸರಾದದ್ದು. ಫುಟ್‌ಬಾಲ್‌ನಲ್ಲಿ ಸೋಲುವುದು ಅದಕ್ಕೆ ರೂಢಿಯಾಗಿಹೋಗಿತ್ತು. 2024ರ ಅಕ್ಟೋಬರ್ 5ರಂದು, ರಾಷ್ಟ್ರದ ಪ್ರಥಮ ತಂಡವೆಂದು ಗಣಿತವಾಗಿದ್ದ ಅಲಬಾಮವನ್ನು ಪಾವಿಯನ ತಂಡ 40-35ರಿಂದ ಸೋಲಿಸಿತು. ವ್ಯಾಂಡರ್‌ಬಿಲ್ಟ್ ಅಲಬಾಮವನ್ನು ಅದಕ್ಕೆ ಮೊದಲು ಗೆದ್ದಿದ್ದುದು 1984ರಲ್ಲಿ. ವಿದ್ಯಾರ್ಥಿಗಳು ಬಯಲಿಗೆ ನುಗ್ಗಿ ಗೋಲಿನ ಕಂಬಗಳನ್ನು ಕಿತ್ತು, ಹೆಗಲ ಮೇಲೆ ಹೊತ್ತು, ನಗರದ ಬೀದಿಗಳಲ್ಲಿ ನಡೆದು, ಕಂಬರ್ಲಂಡ್ ನದಿಗೆ ಎಸೆದರು. ಮರುವರ್ಷದ ಹೈಸ್‌ಮನ್ ಮತದಾನದಲ್ಲಿ ಪಾವಿಯ ಎರಡನೆಯವನಾದ. ಮೊದಲನೆಯವನು ಇಂಡಿಯಾನ ವಿಶ್ವವಿದ್ಯಾನಿಲಯದ ಫರ್ನಾಂಡೋ ಮೆಂಡೋಸ; ಎತ್ತರ 6 ಅಡಿ 5 ಅಂಗುಲ.